ಬಿಪಿ ಸರಿಯಾದರೂ ಆ ಮಾತ್ರೆ ಯಾಕೆ?

ಕುಮಟಾದ ನನ್ನ ಕ್ಲಿನಿಕ್ಕಿಗೆ ಬರುವ ಸಕ್ಕರೆ ಕಾಯಿಲೆಯವರು ಮತ್ತೆ ಮತ್ತೆ ಕೇಳುವ ಮಾತು ಇದು: "ಡಾಕ್ಟ್ರೇ, ಬಿಪಿ ಸರಿ ಆಯ್ತಲ್ಲ, ಟೆಲ್ಮಿಸಾರ್ಟನ್ ಬಿಡ್ಲಾ?" ಬೇಡ ಎಂದು ಹೇಳಿ ಕಳಿಸುವುದು ಸುಲಭ. ಆದರೆ ಕಾರಣ ಗೊತ್ತಾಗದಿದ್ದರೆ ಮನೆಗೆ ಹೋದ ಮೇಲೆ ಮಾತ್ರೆ ನಿಂತೇ ಹೋಗುತ್ತದೆ. ಅದಕ್ಕೇ ನಾನು ಚೀಟಿಯ ಹಿಂದೆ ಒಂದು ಚಿತ್ರ ಬರೆದು ತೋರಿಸುತ್ತೇನೆ.

ಚಿತ್ರದಲ್ಲಿ ಇರುವುದು ಕಿಡ್ನಿಯೊಳಗೆ ರಕ್ತ ಸೋಸುವ ಸಣ್ಣ ರಕ್ತನಾಳಗಳ ಒಂದು ಗೊಂಚಲು. ರಕ್ತ ತರುವ ಒಳನಾಳ ಒಂದು, ಒಯ್ಯುವ ಹೊರನಾಳ ಒಂದು. ಇಂಥ ಗೊಂಚಲು ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಇವೆ. ನಿಮಿಷಕ್ಕೆ ಒಂದು ಲೀಟರಿನಷ್ಟು ರಕ್ತ ಎರಡೂ ಕಿಡ್ನಿಗೆ ಹೋಗುತ್ತದೆ. ದಿನಕ್ಕೆ 180 ಲೀಟರ್ ಸೋಸಿ, ಒಂದೂವರೆ ಎರಡು ಲೀಟರ್ ಮೂತ್ರ ಬಿಟ್ಟು ಉಳಿದದ್ದನ್ನೆಲ್ಲ ವಾಪಸ್ ಎಳೆದುಕೊಳ್ಳುತ್ತವೆ.

ನಮ್ಮ ಬಿಪಿ ನಿದ್ದೆಯಲ್ಲಿ ಇಳಿಯುತ್ತದೆ, ಘಟ್ಟ ಹತ್ತಿದರೆ ಏರುತ್ತದೆ. ಗೊಂಚಲಿನ ಒಳಗಿನ ಒತ್ತಡ ಮಾತ್ರ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಒತ್ತಡ ಏರಿದರೆ ಒಳಬರುವ ನಾಳ ತಾನೇ ಬಿಗಿಯಾಗುತ್ತದೆ. ಇನ್ನೊಂದು ಕಾವಲೂ ಇದೆ. ಸೋಸಿದ ನೀರು ಸಾಗುವ ಕೊಳವೆ ಒಂದು ಕಡೆ ತನ್ನದೇ ಗೊಂಚಲಿನ ಬುಡಕ್ಕೆ ಬಂದು ತಾಗುತ್ತದೆ. ಅಲ್ಲಿನ ಕೋಶಗಳು ನೀರಿನಲ್ಲಿ ಉಪ್ಪು ಎಷ್ಟಿದೆ ಎಂದು ನೋಡುತ್ತವೆ. ಜಾಸ್ತಿ ಬಂದರೆ ಒಳನಾಳ ಬಿಗಿ, ಕಡಿಮೆ ಬಂದರೆ ಸಡಿಲ.

ಸಕ್ಕರೆ ಕಾಯಿಲೆ ಕೆಡಿಸುವುದು ಈ ಕಾವಲನ್ನೇ. ಸೋಸಿದ ನೀರಿನಲ್ಲಿ ಸಕ್ಕರೆ ಜಾಸ್ತಿ ಇದ್ದಾಗ ಕೊಳವೆಯ ಮೊದಲ ಭಾಗ ಅದನ್ನು ವಾಪಸ್ ಎಳೆದುಕೊಳ್ಳುತ್ತದೆ. ಅದರ ಜೊತೆ ಸೋಡಿಯಂ ಕೂಡ ಹೋಗುತ್ತದೆ. ಕಾವಲಿನ ಜಾಗಕ್ಕೆ ಉಪ್ಪು ಕಡಿಮೆ ತಲುಪುತ್ತದೆ. ರಕ್ತ ಸಾಲುತ್ತಿಲ್ಲ ಎಂದುಕೊಂಡು ಕಿಡ್ನಿ ಒಳನಾಳವನ್ನು ಅಗಲ ಮಾಡುತ್ತದೆ. ಹೊರನಾಳವನ್ನು ಆಂಜಿಯೋಟೆನ್ಸಿನ್ ಎಂಬ ಹಾರ್ಮೋನ್ ಬಿಗಿ ಹಿಡಿಯುತ್ತದೆ. ಅಘನಾಶಿನಿ ಕಡೆಯವರಿಗೆ ನಾನು ಹೇಳುವುದು ಗಜನಿಯ, ಅಂದರೆ ಉಪ್ಪುನೀರು ಬರುವ ಹೊಳೆದಂಡೆಯ ಗದ್ದೆಯ, ಲೆಕ್ಕದಲ್ಲಿ: ನೀರು ಬರುವ ಬಾಗಿಲು ಪೂರ್ತಿ ತೆರೆದು, ಹೋಗುವ ಬಾಗಿಲು ಅರ್ಧ ಮುಚ್ಚಿದರೆ ಕಟ್ಟೆಯ ಗತಿ ಏನು? ತಟ್ಟನೆ ಅರ್ಥವಾಗುತ್ತದೆ.

ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ ಈ ಒಳಗಿನ ಒತ್ತಡ ಕಾಣುವುದಿಲ್ಲ. ಕಿಡ್ನಿ ಸೋಸಿ ಹೊರಹಾಕುವ ಕಸವಾದ ಕ್ರಿಯಾಟಿನಿನ್ ಕೂಡ ರಕ್ತದಲ್ಲಿ ವರ್ಷಗಟ್ಟಲೆ ಚೆನ್ನಾಗಿಯೇ ಇರುತ್ತದೆ, ಯಾಕೆಂದರೆ ಆಗ ಕಿಡ್ನಿ ಹೆಚ್ಚೇ ಸೋಸುತ್ತಿರುತ್ತದೆ. ಮೊದಲು ಸುಳಿವು ಕೊಡುವುದು ಮೂತ್ರದಲ್ಲಿ ಸೋರುವ ಅಲ್ಬುಮಿನ್ ಎಂಬ ಪ್ರೋಟೀನ್. ಅದರ ಪ್ರಮಾಣ ಮೂತ್ರದ ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ದಾಟಿತು ಎಂದರೆ, ಜ್ವರ, ಮೂತ್ರದ ಸೋಂಕು ಇಲ್ಲದಾಗ ಇನ್ನೊಮ್ಮೆ ಮಾಡಿಸಿ ಖಚಿತ ಮಾಡಿಕೊಳ್ಳುತ್ತೇನೆ. ಟೈಪ್ 2 ಇದ್ದವರಿಗೆ ಕಾಯಿಲೆ ಗೊತ್ತಾದ ದಿನದಿಂದಲೇ ವರ್ಷಕ್ಕೊಮ್ಮೆ ಈ ಪರೀಕ್ಷೆ ಬೇಕು. ಬರೀ ಸಕ್ಕರೆ ನೋಡಿಸಿಕೊಂಡು ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಟೆಲ್ಮಿಸಾರ್ಟನ್, ರಾಮಿಪ್ರಿಲ್ ಥರದ ಮಾತ್ರೆ ಹೊರನಾಳವನ್ನು ಸಡಿಲಿಸುತ್ತದೆ. ಬಿಪಿ 130/80ರ ಕೆಳಗೆ ಬಂದದ್ದು ಅದರ ಅರ್ಧ ಕೆಲಸ ಅಷ್ಟೇ, ಇನ್ನರ್ಧ ಗೊಂಚಲಿನ ಒಳಗಿನ ಒತ್ತಡ ಇಳಿಸುವುದು. ಸಕ್ಕರೆ ಕಾಯಿಲೆಯ ಇನ್ನೊಂದು ಮಾತ್ರೆ ಡಾಪಾಗ್ಲಿಫ್ಲೋಜಿನ್ ಸಕ್ಕರೆಯನ್ನೂ ಸೋಡಿಯಂ ಅನ್ನೂ ಕೊಳವೆಯಲ್ಲೇ ಮುಂದೆ ಬಿಡುತ್ತದೆ. ಕಾವಲಿಗೆ ಉಪ್ಪು ತಲುಪಿ ಒಳನಾಳ ಮತ್ತೆ ಬಿಗಿಯಾಗುತ್ತದೆ. ಅದರ ಪೇಟೆಂಟ್ ಮುಗಿದು ಬೆಲೆ ಇಳಿಯಿತು. ದೋಣಿಗೆ ಹೋಗುವವರಿಗೂ ಬರೆದುಕೊಡುವ ಧೈರ್ಯ ನನಗೆ ಬಂದದ್ದು ಆಮೇಲೆ.

ಒತ್ತಡ ಇಳಿದಾಗ ಸೋಸುವುದು ಸ್ವಲ್ಪ ತಗ್ಗಿ ಕ್ರಿಯಾಟಿನಿನ್ ಮೇಲೇರಬಹುದು. ಇದನ್ನು ಮೊದಲೇ ಹೇಳಿಡುತ್ತೇನೆ, ಇಲ್ಲದಿದ್ದರೆ ರಿಪೋರ್ಟ್ ನೋಡಿ ಗಾಬರಿಯಾಗುತ್ತಾರೆ. ಎರಡರಿಂದ ನಾಲ್ಕು ವಾರದೊಳಗೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಎರಡೂ ನೋಡುತ್ತೇನೆ. ಶೇಕಡಾ 30ರ ಒಳಗಿನ ಏರಿಕೆಗೆ ಮಾತ್ರೆ ನಿಲ್ಲಿಸುವುದಿಲ್ಲ. ಕಿಡ್ನಿ ಆಗಲೇ ದುರ್ಬಲವಾಗಿ ಪೊಟ್ಯಾಸಿಯಂ ಏರಿದ್ದರೆ, ಅದೇ ಪೊಟ್ಯಾಸಿಯಂ ಹೆಚ್ಚಿರುವ ಎಳನೀರು ಬೇಡ ಅನ್ನುತ್ತೇನೆ. ತೆಂಗಿನ ತೋಟದವರಿಗೆ ಇದು ಕಷ್ಟದ ಮಾತು, ಗೊತ್ತು.

ಉಪ್ಪಿನ ವಿಷಯದಲ್ಲಿ ನಾನು ಸ್ವಲ್ಪ ಹಟ ಹಿಡಿಯುತ್ತೇನೆ. ಉಪ್ಪು ಜಾಸ್ತಿ ತಿಂದರೆ ಟೆಲ್ಮಿಸಾರ್ಟನ್ನಿನ ಪ್ರಯೋಜನ ಕುಗ್ಗುತ್ತದೆ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ, ಅಷ್ಟೇ. ಗಂಜಿಗೆ ಒಣಮೀನು, ಅಪ್ಪೆಮಿಡಿ ಉಪ್ಪಿನಕಾಯಿ ಎರಡೂ ಸೇರಿದರೆ ಒಂದೇ ಊಟದಲ್ಲಿ ಆ ಲೆಕ್ಕ ಮುಗಿಯಬಹುದು. ಒಣಮೀನು ನೆನೆಸಿ, ನೀರು ಚೆಲ್ಲಿ ಮಾಡಿ ಎಂದು ಮನೆಯ ಅಕ್ಕಂದಿರಿಗೆ ಹೇಳುತ್ತೇನೆ. ಮಿಡಿ ಹಬ್ಬಕ್ಕಿರಲಿ.

ಬಲೆ ಎಳೆದು ಸೊಂಟ ನೋವು, ಅಡಿಕೆ ಕೊಯ್ದು ಮಂಡಿ ನೋವು ಎಂದು ಡೈಕ್ಲೋಫೆನಾಕ್ ನುಂಗುವವರು ಬಹಳ. ಅದು ಒಳನಾಳವನ್ನು ತೆರೆದಿಡುವ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನೇ ತಡೆಯುತ್ತದೆ. ಟೆಲ್ಮಿಸಾರ್ಟನ್ ಜೊತೆಗೆ ಮೂತ್ರ ಹೋಗುವ ಮಾತ್ರೆಯೂ ಇದ್ದರೆ ಕಿಡ್ನಿ ದಿಢೀರ್ ಕೈ ಕೊಡಬಹುದು. ನೋವಿಗೆ ಪ್ಯಾರಾಸಿಟಮಾಲ್ ಬರೆಯುತ್ತೇನೆ. ಮಳೆಗಾಲದಲ್ಲಿ ವಾಂತಿ, ಭೇದಿ ಶುರುವಾಗಿ ಊಟ, ನೀರು ಸೇರದಿದ್ದರೆ ಟೆಲ್ಮಿಸಾರ್ಟನ್, ಡಾಪಾಗ್ಲಿಫ್ಲೋಜಿನ್ ಎರಡನ್ನೂ ಅಲ್ಲಿಗೇ ತಡೆದು ನನಗೆ ಫೋನ್ ಮಾಡಲು ಹೇಳಿರುತ್ತೇನೆ. ಮತ್ತೆ ಯಾವಾಗ ಶುರು ಮಾಡಬೇಕು ಎನ್ನುವುದನ್ನೂ ಅದೇ ಫೋನಿನಲ್ಲಿ ತಿಳಿಸುತ್ತೇನೆ.