ಕಾರು ಇಂಗ್ಲೆಂಡಿನಲ್ಲಿ, ಬಿಯರ್ ವೇಲ್ಸ್‌ನಲ್ಲಿ

ಬ್ರಿಸ್ಟಲ್‌ನ ಕನ್ನಡದ ಗೆಳೆಯರು "ಒಳ್ಳೇ ಹಳ್ಳಿ ಪಬ್ ಇದ್ರೆ ಹೇಳಿ" ಅಂದಾಗ ನಾನು ಹೇಳುವುದು ಪೆನಾಲ್ಟ್‌ನ ಬೋಟ್ ಇನ್. ಇಲ್ಲಿ ಇಂಗ್ಲೆಂಡ್-ವೇಲ್ಸ್ ಗಡಿಯಾಗಿ ಹರಿಯುವ ವೈ ನದಿಯ ವೇಲ್ಸ್ ದಡದಲ್ಲಿ, ಕಾಡು ತುಂಬಿದ ಗುಡ್ಡದ ಬುಡದಲ್ಲಿದೆ. ಗುಡ್ಡದ ಮೇಲಿಂದ ಸಣ್ಣ ರಸ್ತೆ ಇದೆ. ಅದು ನನಗೆ ಬೇಡ, ಎದುರಿಗೆ ಕಾರು ಬಂದರೆ ರಿವರ್ಸ್ ಹೋಗುವುದೇ ಕೆಲಸ.

ನಾನು ಸೆವರ್ನ್ ಸೇತುವೆ ದಾಟಿ, ಚೆಪ್‌ಸ್ಟೋದಲ್ಲಿ ಎ466 ರಸ್ತೆ ಹಿಡಿಯುತ್ತೇನೆ. ಟಿಂಟರ್ನ್ ಮಠದ ಪಾಳುಗೋಡೆ ದಾಟಿ ಮುಂದೆ ಹೋದರೆ ರೆಡ್‌ಬ್ರೂಕ್. ಅದು ಇಂಗ್ಲೆಂಡಿನ ದಡ. ಅಲ್ಲಿ ಕಾರು ನಿಲ್ಲಿಸಿ, ಹಳೆಯ ರೈಲು ಸೇತುವೆಗೆ ಅಂಟಿಕೊಂಡ ಕಾಲುದಾರಿಯಲ್ಲಿ ಹೊಳೆ ದಾಟಬೇಕು. ಈ ಲೈನು 1876ರಲ್ಲಿ ಶುರುವಾಯಿತು, 1959ರಲ್ಲಿ ಪ್ರಯಾಣಿಕರ ರೈಲು ನಿಂತಿತು. ಹೊರಡುವ ಮುಂಚೆ ಪಬ್‌ಗೆ ಒಂದು ಫೋನ್ ಹಾಕಿ. ಕಾಲುದಾರಿ ತೆರೆದಿದೆಯಾ, ಊಟ ಎಷ್ಟೊತ್ತಿನವರೆಗೆ ಅಂತ ಎರಡೂ ಕೇಳಿ. ಹಳ್ಳಿ ಪಬ್‌ಗಳಲ್ಲಿ ಮಧ್ಯಾಹ್ನದ ಅಡುಗೆ ಬೇಗ ಮುಗಿಯುತ್ತದೆ.

ಒಳಗೆ ಯಾರೂ ಟೇಬಲ್‌ಗೆ ಬಂದು ಆರ್ಡರ್ ಕೇಳುವುದಿಲ್ಲ. ಕೌಂಟರ್‌ಗೆ ನೀವೇ ಹೋಗಬೇಕು. ಅಲ್ಲಿ ಸಾಲು ಕಾಣಿಸುವುದಿಲ್ಲ, ಆದರೆ ಯಾರ ಸರದಿ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಕೌಂಟರಿನ ಹಿಂದಿರುವ ಪೀಪಾಯಿಯ ನಲ್ಲಿ ತಿರುಗಿಸಿ ಏಲ್, ಅಂದರೆ ಇಲ್ಲಿನ ಸಾಂಪ್ರದಾಯಿಕ ಬಿಯರ್, ಹಿಡಿದುಕೊಡುತ್ತಾರೆ. ನೊರೆ ಕಡಿಮೆ, ಐಸಿನಷ್ಟು ತಣ್ಣಗಿರುವುದಿಲ್ಲ. ಬೆಂಗಳೂರಿನ ಗೆಳೆಯನೊಬ್ಬ ಮೊದಲ ಗುಟುಕಿಗೇ "ಫ್ರಿಜ್ ಕೆಟ್ಟಿದೆಯಾ?" ಅಂದ. ಏಲ್ ಇರುವುದೇ ಹಾಗೆ. ಅನುಮಾನವಿದ್ದರೆ ಒಂದು ಗುಟುಕು ರುಚಿ ಕೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ. ಕಾರು ಓಡಿಸುವವನಿಗೆ ಲೆಮನೇಡ್ ಸಾಕು.

ತೀರ್ಥಹಳ್ಳಿಯಿಂದ ಬಂದಿದ್ದ ಅಪ್ಪನನ್ನು ಕರೆದಾಗ "ಬಾರಿಗೆ ನಾನ್ಯಾಕೋ?" ಅಂದರು. ಸೊಸೆ "ಮಕ್ಕಳೂ ಬರ್ತಾರೆ ಮಾವ" ಅಂದ ಮೇಲೆ ಹೊರಟರು. ಒಳಗೆ ನೋಡಿದರೆ ಅಜ್ಜಿಯರು, ಮಕ್ಕಳು, ಮೇಜಿನ ಕೆಳಗೆ ಒದ್ದೆ ನಾಯಿ. ಅಪ್ಪ ಚಿಪ್ಸ್‌ಗೆ ವಿನೆಗರ್ ಹಾಕಿಕೊಂಡು ತಿಂದರು. ಹೊರಗೆ ಹೋಗಿ ದಡ ನೋಡಿದರು. ತುಂಗೆಯ ದಡದವರಲ್ವಾ, ಕೇಳಿದ್ದು ಒಂದೇ: "ಹೊಳೆ ಉಕ್ಕಿದ್ರೆ ನೀರು ಎಲ್ಲಿವರೆಗೆ ಬರತ್ತೆ?"

ಕೇಳಬೇಕಾದ ಪ್ರಶ್ನೆಯೇ. ಇಲ್ಲಿ ನೆರೆ ಬರುವುದು ಜಾಸ್ತಿ ಚಳಿಗಾಲದಲ್ಲಿ. 2020ರ ಫೆಬ್ರವರಿಯಲ್ಲಿ ವೈ ದಡದ ಊರುಗಳಿಗೆ ನೀರು ನುಗ್ಗಿತ್ತು. ಹಾಗಾಗಿ ನವೆಂಬರ್ ನಂತರ ಹೋಗುವವರು ನದಿಯ ಮಟ್ಟವನ್ನೂ ನೋಡಿಕೊಂಡು ಹೊರಡಿ. ಬೂಟಂತೂ ಬೇಕೇ ಬೇಕು.