ಊರಿನ ಮನೆಯಿಂದ ಅಮ್ಮನನ್ನು ಫ್ಲ್ಯಾಟಿಗೆ ಕರೆತರುವ ಮುಂಚೆ

ಅಮ್ಮನಿಗೆ ಈಗ 78. ಎರಡು ವರ್ಷದ ಹಿಂದೆ ತೀರ್ಥಹಳ್ಳಿ ಹತ್ತಿರದ ಹಂಚಿನ ಮನೆಯಿಂದ ಬೆಂಗಳೂರಿನ ಮೂರನೇ ಮಹಡಿಗೆ ಕರೆತಂದೆ. ಹೊಸ ಮಂಚ, ಹೊಸ ಪರದೆ, ಕಿಟಕಿಯಾಚೆ ಹೊಂಗೆ ಮರ. ಇಷ್ಟಾದರೆ ಸಾಕು ಅಂದುಕೊಂಡಿದ್ದೆ. ಹದಿನೈದೇ ದಿನಕ್ಕೆ ಅಮ್ಮನ ಮಾತು ಕಡಿಮೆಯಾಯಿತು. ಮಧ್ಯಾಹ್ನ ಮೂರಕ್ಕೇ ‘ದೀಪ ಹಚ್ಚೋ ಹೊತ್ತಾಯ್ತಾ?’ ಅಂತ ಕೇಳುತ್ತಿದ್ದಳು.

ಮೊದಲ ಕೆಲಸ ಊರಲ್ಲೇ ಆಗಬೇಕು. ಸಾಮಾನು ಕಟ್ಟುವ ಮುಂಚೆ ಎರಡು ದಿನ ಸುಮ್ನೆ ಜೊತೆಗಿದ್ದು ನೋಡಿ. ಬೆಳಿಗ್ಗೆ ಎದ್ದು ಮೊದಲು ಎಲ್ಲಿಗೆ ಹೋಗುತ್ತಾರೆ? ಎಲ್ಲಿ ಕೂತು ಕಾಫಿ ಕುಡಿಯುತ್ತಾರೆ? ಅಲ್ಲಿಂದ ಏನು ಕಾಣುತ್ತದೆ? ನಾನು ಇದನ್ನೆಲ್ಲ ಯೋಚಿಸಿದ್ದು ತಡವಾಗಿ. ಅಮ್ಮ ಕೂರುತ್ತಿದ್ದದ್ದು ಜಗಲಿಯ ಕಂಬಕ್ಕೆ ಒರಗಿ. ಅಡಿಕೆ ಸುಲಿಯುತ್ತಿರಲಿ, ಹೂ ಕಟ್ಟುತ್ತಿರಲಿ, ದಣಪೆ (ಬೇಲಿಯ ಗೇಟು) ದಾಟಿ ಯಾರು ಬಂದರೂ ಮೊದಲು ಕಾಣುತ್ತಿದ್ದದ್ದು ಅವಳಿಗೇ.

ಫ್ಲ್ಯಾಟಿನಲ್ಲಿ ಆ ಜಾಗ ಯಾವುದು ಅಂತ ಹುಡುಕಿ. ಎಲ್ಲರಿಗೂ ಮೊದಲು ಹೊಳೆಯುವುದು ಬಾಲ್ಕನಿ. ನಾನೂ ಅಲ್ಲೇ ಕುರ್ಚಿ ಹಾಕಿದ್ದೆ. ಒಂದು ದಿನ ಅದೇ ಕುರ್ಚಿಯಲ್ಲಿ ಕೂತು ನೋಡಿದರೆ ಕಂಡಿದ್ದು ಬಾಲ್ಕನಿಯ ಗಿಡ್ಡ ಗೋಡೆ, ಅದರ ಮೇಲೊಂದಿಷ್ಟು ಆಕಾಶ. ಅದಕ್ಕೇ ಹೇಳುತ್ತೇನೆ, ಕುರ್ಚಿ ಹಾಕಿದ ಮೇಲೆ ನೀವೂ ಕಾಲು ಗಂಟೆ ಅದರಲ್ಲಿ ಕೂತು ನೋಡಿ. ಗೋಡೆ ಅಡ್ಡ ಬಂತು ಅಂತ ಕುರ್ಚಿ ಎತ್ತರಿಸಲು ಮಾತ್ರ ಹೋಗಬೇಡಿ, ಬಿದ್ದಾರು.

ಮರ ಕಾಣುವುದು ಒಳ್ಳೆಯದೇ. ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿತ್ತಕೋಶದ ಆಪರೇಶನ್ ಆದವರ ಪೈಕಿ ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು. ಆದರೆ ಅಮ್ಮನಿಗೆ ಮರಕ್ಕಿಂತ ಜಾಸ್ತಿ ಬೇಕಿದ್ದದ್ದು ಮನುಷ್ಯರು. ಮುಂಬಾಗಿಲಿಗೆ ಗ್ರಿಲ್ ಹಾಕಿಸಿದೆ. ಊರಿನ ಹಳೇ ಬೆಂಚು ತರಿಸಿ ಅದರ ಒಳಗಡೆ ಇಟ್ಟೆ. ಬೆಳಿಗ್ಗೆ ಮರದ ಬಾಗಿಲು ಪೂರ್ತಿ ತೆರೆದಿಡುತ್ತೇನೆ. ಹಾಲಿನ ಹುಡುಗ, ಎದುರು ಮನೆ ಮಗು, ಮೆಟ್ಟಿಲು ಗುಡಿಸುವವರು, ಎಲ್ಲರೂ ಕಾಣುತ್ತಾರೆ. ‘ಕಾಫಿ ಆಯ್ತಾ?’ ಅಂತ ಕೇಳಲು ಅವಳಿಗೆ ಜನ ಸಿಕ್ಕರು.

ಇನ್ನೊಂದು, ಏನಾದರೂ ಅವರ ಕೈಯಲ್ಲೇ ಇರಲಿ. ಮನಶ್ಶಾಸ್ತ್ರಜ್ಞೆಯರಾದ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ ಮಾಡಿದ ಪ್ರಯೋಗ 1976ರಲ್ಲಿ ಪ್ರಕಟವಾಯಿತು. ಎರಡು ಮಹಡಿಯವರಿಗೂ ಗಿಡ ಕೊಟ್ಟರು. ಒಂದು ಮಹಡಿಯಲ್ಲಿ ಗಿಡ ಆರಿಸುವುದು, ನೀರು ಹಾಕುವುದು ವೃದ್ಧರೇ. ಇನ್ನೊಂದರಲ್ಲಿ ನೀರು ಹಾಕುವುದು ನರ್ಸುಗಳು. ಮೂರು ವಾರದ ಮೇಲೆ ನೋಡಿದರೆ ಮೊದಲಿನವರೇ ಜಾಸ್ತಿ ಚುರುಕು, ಜಾಸ್ತಿ ಖುಷಿ. ಹಾಗಾಗಿ ಬೆಳೆದ ಗಿಡ ತಂದು ಜೋಡಿಸಿ ಕೊಡಬೇಡಿ. ಖಾಲಿ ಕುಂಡ, ಮಣ್ಣು ಕೊಡಿ. ಅಮ್ಮ ಊರಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತರಿಸಿದ ಒಂದೆಲಗ ನೆಟ್ಟಳು. ಕುಂಡ ಎಲ್ಲಿಡಬೇಕು ಅಂತಲೂ ಅವಳೇ ಹೇಳಿದಳು. ಬಟ್ಟೆ ಒಣಹಾಕಲು ನನಗೆ ಅಡ್ಡವಾಗುತ್ತದೆ, ಆದರೂ ಅಲ್ಲೇ ಇದೆ. ತಂಬುಳಿಗೆ ಎಲೆ ಬೇಕಾದರೆ ಕೇಳಿಯೇ ಕೀಳುತ್ತೇನೆ.

ರಾತ್ರಿಯನ್ನು ಮರೆಯಬೇಡಿ. ಊರಲ್ಲಿ ಮಂಚದಿಂದ ಎಡಕ್ಕೆ ಇಳಿದು ಬಚ್ಚಲಿಗೆ ಹೋಗುವ ಅಭ್ಯಾಸ. ಇಲ್ಲಿ ಎಡಕ್ಕೆ ಗೋಡೆ. ಎರಡು ಸಲ ಹಣೆ ಬಡಿಸಿಕೊಂಡಳು. ಮಂಚ ತಿರುಗಿಸಿ ಹಾಕಿ, ಒಂದು ಸಣ್ಣ ದೀಪ ಇಟ್ಟ ಮೇಲೆ ಸರಿಹೋಯಿತು.

ಊರಿನ ಮನೆಯ ಬೀಗದ ಕೈ ಅವರ ಹತ್ತಿರವೇ ಬಿಡಿ. ಅಮ್ಮನದ್ದು ಬೆಂಚಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತದೆ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಲು ಊರಿಗೆ ಹೋದಾಗ ಬಾಗಿಲು ತೆಗೆಯುವುದು ಅವಳೇ.