ಗಾಜಿನ ಬಾಟ್ಲಿ ಸ್ಟಿಕ್ಕರ್ ಕೀಳೋದು: ಪೇಪರ್‌ಗೆ ನೀರು, ಅಂಟಿಗೆ ಎಣ್ಣೆ

ಕೊಡಗಿನ ಮನೆಗಳಲ್ಲಿ ಜಾಮ್ ಬಾಟ್ಲಿ, ಜೇನಿನ ಬಾಟ್ಲಿ ಯಾವ್ದನ್ನೂ ಬಿಸಾಡಲ್ಲ, ಬಿಸಾಡಿದ್ರೆ ಮಳೆಗಾಲದಲ್ಲಿ ಉಪ್ಪು ಎಲ್ಲಿಡೋದು, ಹಾಗೇ ಬಿಟ್ರೆ ನೀರಾಗಿ ಹೋಗುತ್ತೆ. ಹುಳಿ ಜಾಸ್ತಿ ಇರೋ ಕಾಚಂಪುಳಿಗಂತೂ (ಹಣ್ಣಿನ ರಸ ಕುದಿಸಿ ಮಾಡೋ ಕೊಡಗಿನ ಕಪ್ಪು ವಿನೆಗರ್) ಗಾಜೇ ಬೇಕು. ಆದ್ರೆ ಆ ಸ್ಟಿಕ್ಕರ್ ಇದ್ಯಲ್ಲ, ಅರ್ಧ ಕಿತ್ಕೊಂಡು ಬರುತ್ತೆ, ಉಳಿದರ್ಧ ಬಿಳಿ ಬಿಳಿಯಾಗಿ ಅಲ್ಲೇ ಕೂತ್ಕೊಂಡು ಉಗುರು ತಿನ್ನುತ್ತೆ.

ಮೊದ್ಲು ಲೇಬಲ್ ಒಣಗಿರುವಾಗ್ಲೇ ಟ್ರೈ ಮಾಡಿ. ಬಾಟ್ಲಿ ಒಳಗೆ ಉಗುರುಬೆಚ್ಚಗಿನ ನೀರು, ಆಮೇಲೆ ಬಿಸಿ ನೀರು ತುಂಬಿ ಸ್ವಲ್ಪ ಹೊತ್ತು ಬಿಡಿ (ತಣ್ಣಗಿರೋ ಗಾಜಿಗೆ ಕುದಿಯೋ ನೀರು ಸುರಿದ್ರೆ ಟಪ್ ಅಂತ ಒಡೆಯುತ್ತೆ). ಬಿಸಿಗೆ ಅಂಟು ಮೆತ್ತಗಾಗುತ್ತೆ, ಮೂಲೆ ಹಿಡಿದು ನಿಧಾನ ಎಳೀರಿ, ಪ್ಲಾಸ್ಟಿಕ್ ಲೇಬಲ್ ಆದ್ರೆ ಎಷ್ಟೋ ಸಲ ಪೂರ್ತಿ ಬಂದ್ಬಿಡುತ್ತೆ.

ಪೇಪರ್ ಲೇಬಲ್ ಬರ್ಲಿಲ್ವಾ, ವಾಷಿಂಗ್ ಸೋಡ ಹಾಕಿದ ಬಿಸಿ ನೀರಲ್ಲಿ ರಾತ್ರಿ ನೆನೆಸಿಡಿ, ಬೆಳಿಗ್ಗೆ ಪೇಪರ್ ಮುದ್ದೆಯಾಗಿ ಬರುತ್ತೆ. ಕೆಲವು ಅಂಟು ಅಲ್ಲೇ ಕರಗುತ್ತೆ. ಜಿಗುಟು ಉಳಿದ್ರೆ ಮತ್ತೆ ನೀರು ಹಾಕ್ಬೇಡಿ ದಯವಿಟ್ಟು, ಆ ಅಂಟು ನೀರಿಗೆ ಜಗ್ಗೋ ಜಾತಿ ಅಲ್ಲ, ಎಣ್ಣೆಗೆ ಮಾತ್ರ ಬಗ್ಗುತ್ತೆ. ಬಾಟ್ಲಿ ಚೆನ್ನಾಗಿ ಒರೆಸಿ, ತೆಂಗಿನೆಣ್ಣೆಗೆ ಅಡುಗೆ ಸೋಡ ಕಲಸಿ ಪೇಸ್ಟ್ ಮಾಡಿ ದಪ್ಪಕ್ಕೆ ಮೆತ್ತಿ, ಅರ್ಧ ಗಂಟೆ ಬಿಟ್ಟು ತೆಂಗಿನ ನಾರಲ್ಲಿ ಉಜ್ಜಿ. ಅಂಟು ಉರುಳುರುಳಾಗಿ ಸುತ್ಕೊಂಡು ಬರೋದು ನೋಡೋಕೇ ಒಂದು ಖುಷಿ. ಸ್ಟೀಲ್ ಉಣ್ಣೆ ಬೇಡ, ಗಾಜಿಗೆ ಗೀರು ಬೀಳಬಹುದು.

ತೋಟದ ಕಿತ್ತಳೆ ಇದ್ರೆ ಸಿಪ್ಪೆ ಬಿಸಾಡ್ಬೇಡಿ. ಹೊರಮೈಯನ್ನ ಅಂಟಿನ ಕಡೆ ಮಾಡಿ ಹಿಂಡಿದ್ರೆ ಚಿಮ್ಮುತ್ತಲ್ಲ ಎಣ್ಣೆ, ಅದ್ರಲ್ಲಿ ಲಿಮೊನೀನ್ ಅಂತ ಇರುತ್ತೆ, ಅಂಗಡಿಲಿ ಸಿಗೋ ಎಷ್ಟೋ ಅಂಟು ತೆಗೆಯೋ ದ್ರಾವಣಗಳಲ್ಲೂ ಅದೇ ಇರೋದು. ಅಲ್ಲಲ್ಲಿ ಉಳಿದ ಚುಕ್ಕೆಗೆ ಇದು ಸಾಕು. ಹಠಮಾರಿ ಅಂಟಾದ್ರೆ ಶೀತಕ್ಕೆ ತಂದಿಟ್ಟ ನೀಲಗಿರಿ ಎಣ್ಣೆ ಹತ್ತಿಲಿ ಒರೆಸಿ, ಒಲೆ ಹತ್ರ ಮಾತ್ರ ಬೇಡ. ಸೀಮೆಎಣ್ಣೆಲೂ ಹೋಗುತ್ತೆ, ಆದ್ರೆ ಆಮೇಲೆ ಆ ಬಾಟ್ಲಿಲಿ ಉಪ್ಪಿನಕಾಯಿ ತಿನ್ನೋರು ಯಾರು?

ಕೊನೆಗೆ ಪಾತ್ರೆ ಸೋಪಲ್ಲಿ ಎಣ್ಣೆ ಜಿಡ್ಡು ತೊಳೆದು ಪೂರ್ತಿ ಒಣಗಿಸಿ. ಜೂನ್ ಜುಲೈಲಿ ಬಿಸಿಲು ನಂಬ್ಕೊಂಡು ಕೂತ್ರೆ ಆಗಲ್ಲ, ಒಲೆ ಪಕ್ಕ ಬೆಚ್ಚಗಿಡಿ, ಪಸೆ ಉಳಿದ್ರೆ ಕಣಿಲೆ (ಎಳೆ ಬಿದಿರು) ಉಪ್ಪಿನಕಾಯಿಗೆ ಬೂಷ್ಟು ಗ್ಯಾರಂಟಿ. ಕಾಚಂಪುಳಿ ಹಾಕೋದಾದ್ರೆ ತಗಡಿನ ಮುಚ್ಚಳ ಬೇಡ, ತುಕ್ಕು ಹಿಡಿಯುತ್ತೆ, ಪ್ಲಾಸ್ಟಿಕ್‌ದು ಹುಡುಕಿ.